ಲಿಸ್ಬನ್ನಿನಲ್ಲಿ ಬುಟ್ಟಿಗೆ ಬಿದ್ದ ಬೂಟು

“ಫೋನು ಬ್ಯಾಡ, ನಕಾಶಿ ಬ್ಯಾಡ, ಮಂದೀನ್ನ ದಾರಿ ಕೇಳೂದಂತೂ ಬ್ಯಾಡಽ ಬ್ಯಾಡ! ಇವತ್ತ ಈ ಊರು ನಿನಗ ನಾ ತೋರಸ್ತೇನಿ. ನೀ ಸುಮ್ಮನ ನನ್ನ ಬೆನ್ನ ಹಿಂದ ಬಾ, ಅಷ್ಟಽ!”

ರಘೋತ್ತಮರಾಯರು ಹಲ್ಲುಜ್ಜುವ ಬ್ರಷ್ಷನ್ನು ಖಡ್ಗದಂತೆ ಮೇಲೆತ್ತಿ ಈ ಭೀಷಣ ಪ್ರತಿಜ್ಞೆ ಮಾಡಿದ್ದು ಲಿಸ್ಬನ್ ಪಟ್ಟಣದ ಒಂದು ಪುಟ್ಟ ಬಾಡಿಗೆ ಕೋಣೆಯಲ್ಲಿ, ಅವರ ಪ್ರವಾಸದ ಕಟ್ಟಕಡೆಯ ದಿನದ ಬೆಳಿಗ್ಗೆ. ಹೆಂಡತಿ ಮಂದಾಕಿನಿಬಾಯಿ ಸೂಟ್‌ಕೇಸಿನಲ್ಲಿ ಸೀರೆ ಮಡಿಸಿಡುತ್ತಿದ್ದರು. ತಲೆ ಎತ್ತದೆಯೇ “ಹೂಂ” ಎಂದರು.

ಆ ‘ಹೂಂ’ ಇದೆಯಲ್ಲ, ಅದೇ ರಾಯರ ಸಂಸಾರದ ಏಕೈಕ ಕೊರಗು. ಮದುವೆಯಾದಂದಿನಿಂದ ಮಂದಾಕಿನಿಬಾಯಿ ಗಂಡನಿಗೆ ಒಂದು ಬಿರುನುಡಿ ಆಡಿದವರಲ್ಲ. ಆದರೆ ಒಂದು ಹೊಗಳಿಕೆಯ ಮಾತನ್ನೂ ಆಡಿದವರಲ್ಲ! ಧಾರವಾಡದಿಂದ ಗೋವಾದ ವಾಸ್ಕೋಗೆ ಬಂದು ಬಂದರಿನ ಲೆಕ್ಕಪತ್ರ ಕಚೇರಿಯಲ್ಲಿ ಕೆಲಸ ಹಿಡಿದಾಗ “ಹೂಂ”. ಬಡ್ತಿ ಸಿಕ್ಕಿತೆಂದು ಪೇಢೆ ತಂದಾಗ “ಹೂಂ, ಕೈಕಾಲು ತೊಳಕೊಳ್ರಿ”. ಅಲ್ಲಿಯೇ ಬೈನಾದಲ್ಲಿ ಸಮುದ್ರ ಕಾಣುವ ಫ್ಲಾಟು ಕೊಂಡಾಗ, ಬಾಲ್ಕನಿಯಲ್ಲಿ ನಿಂತು ಇಡೀ ಅರಬ್ಬೀ ಸಮುದ್ರವನ್ನು ತಾವೇ ತೋಡಿಸಿದವರಂತೆ ಕೈ ಚಾಚಿ ತೋರಿಸಿದಾಗಲೂ, “ಹೂಂ, ಅರಿವಿ ಲಗೂ ಒಣಗ್ತಾವ”.

ಇರಲಿ, ರಾಯರದೂ ತಪ್ಪಿತ್ತು. “ರಿಟೈರ್ ಆಗ್ಲಿ ತಡಿ, ನಿನಗ ಜಗತ್ತಽ ತೋರಸ್ತೇನಿ” ಎಂದು ಹೇಳುತ್ತ ಹೇಳುತ್ತ ಅವರು ಹೆಂಡತಿಗೆ ಗೋವಾವನ್ನೂ ನೆಟ್ಟಗೆ ತೋರಿಸಿರಲಿಲ್ಲ. ಧಾರವಾಡಕ್ಕೆ ಹೋಗುವಾಗ ರೈಲಿನ ಕಿಟಕಿಯಿಂದ ದೂಧಸಾಗರ ಜಲಪಾತದ ಕಡೆ ಬೆರಳು ಮಾಡಿ, “ನೋಡ್ದಿ? ಆತು, ಪ್ರವಾಸ ಮುಗೀತು” ಎಂದು ಡಬ್ಬಿ ಬಿಚ್ಚಿ ಅವಲಕ್ಕಿ ತಿಂದವರು ಅವರು. ನಿವೃತ್ತಿಯಾದ ಮೇಲೆ ಮಾತ್ರ ಹಟ ತೊಟ್ಟು ಹೊರಟೇಬಿಟ್ಟರು. ಮೇಲಿನ ಮಹಡಿಯ ಗೋವಾದ ಬಾಯಿಯ ತಂಗಿ ಎರ್ಮೆಲಿಂದಾ ಲಿಸ್ಬನ್ನಿನಲ್ಲಿ ಕೋಣೆ ಬಾಡಿಗೆಗೆ ಕೊಡುತ್ತಾಳೆ ಎಂಬುದೊಂದು ನೆವ ಸಿಕ್ಕಿತ್ತು. ಇಷ್ಟು ದೂರ ಕರೆತಂದರೆ ಹೆಂಡತಿ ‘ನೀವಿದ್ರಿ ಅಂತ ಛಲೋ ಆತು ನೋಡ್ರಿ’ ಅಂದಾಳು! ಆ ಒಂದೇ ವಾಕ್ಯ ಸಾಕಿತ್ತು ರಾಯರಿಗೆ.

ಆದರೆ ಆದದ್ದೇನು? ಬಂದ ಮೊದಲ ದಿನವೇ ಮಂದಾಕಿನಿಬಾಯಿ ಅಲ್ಲಿಯ ಸಿಮ್ ಹಾಕಿಸಿಕೊಂಡು, ಫೋನಿನ ನಕಾಶೆ ತೆರೆದು, “ಹಿಂಗ ಬರ್ರಿ, ಇಲ್ಲಿ ಹೊಳ್ರಿ, ಅಲ್ಲಿ ಮೆಟ್ಟಲದ ಎಚ್ಚರ” ಎನ್ನುತ್ತ ಇಡೀ ಊರು ಸುತ್ತಿಸಿಬಿಟ್ಟರು! ರಾಯರು ಮೇಳದ ಹಿಂದಿನ ತಾಳದವನಂತೆ ಹಿಂಬಾಲಿಸಿದ್ದೇ ಬಂತು. ಇನ್ನು ಉಳಿದದ್ದು ಒಂದೇ ಹಗಲು. ಸಂಜೆಗೆ ವಿಮಾನ. ಹೊಗಳಿಸಿಕೊಳ್ಳಬೇಕಾದರೆ ಇವತ್ತೇ ಆಗಬೇಕು!

“ಆ ವಾಸ್ಕೋ ಡ ಗಾಮಾ ಏನು ಫೋನ್ ನೋಡ್ಕೋತ ಬಂದಿದ್ದೇನ ನಮ್ಮ ದೇಶಕ್ಕ?” ಎಂದರು ರಾಯರು, ಎರಡೂ ಫೋನುಗಳನ್ನು ಸೂಟ್‌ಕೇಸಿನಲ್ಲಿಟ್ಟು ಬೀಗ ಜಡಿಯುತ್ತ. “ಅವನ ಹೆಸರಿನ ಊರಾಗ ಇಷ್ಟು ವರ್ಷ ನೀರು ಕುಡದೇನಿ. ಅವನ ಊರಾಗ ದಾರಿ ತಪ್ಪತೇನೇನು?”

“ಅವನೂ ಆಫ್ರಿಕಾದಾಗ ದಾರಿ ಗೊತ್ತಿದ್ದಾಂವನ್ನ ಹಡಗಿನಾಗ ಹತ್ತಿಸಿಕೊಂಡಽ ಬಂದಿದ್ದನಂತರೀ. ನಿನ್ನೆ ಆ ಮ್ಯೂಝಿಯಮ್‌ದಾಗ ಬರದಿದ್ರಲ್ಲ.”

“ನಿನಗ ಅದನ್ನೆಲ್ಲಾ ಓದು ಅಂತ ಯಾರು ಹೇಳಿದ್ರು?”

ಎರಡೂ ಪಾಸ್‌ಪೋರ್ಟುಗಳನ್ನೂ ಟಿಕೆಟ್ಟುಗಳನ್ನೂ ರಾಯರು ಸೊಂಟದ ಚೀಲಕ್ಕೆ ತುರುಕಿ, ಅಂಗಿಯೊಳಗೆ ಬಿಗಿದುಕೊಂಡರು. ಹೊಟ್ಟೆ ಒಂದು ಸುತ್ತು ಮುಂದೆ ಬಂತು. ಬಾಗಿಲಲ್ಲಿ ಎರ್ಮೆಲಿಂದಾ ಕೊಂಕಣಿಯಲ್ಲಿ, “ವೆಗಿಂ ಯೆಯಾ ಹಾಂ!” ಎಂದಳು, ಬೇಗ ಬನ್ನಿ ಎಂದು. “ಅರೇ, ನಾನಿದ್ದೇನಲ್ಲ!” ಎಂದು ರಾಯರು ಎದೆ ತಟ್ಟಿಕೊಂಡು ಹೊರಬಿದ್ದರು.

ಲಿಸ್ಬನ್ ಏಳು ಗುಡ್ಡಗಳ ಊರು. ರಾಯರು ಅವುಗಳಲ್ಲಿ ಒಂದೇ ಗುಡ್ಡವನ್ನು ಮೂರು ಕಡೆಯಿಂದ ಹತ್ತಿಸಿದರು. ಅದೇ ಹಳದಿ ಟ್ರಾಮು ಎದುರಾಯಿತು, ಅದೇ ಬೇಕರಿ ಎದುರಾಯಿತು, ಅದೇ ಕಿಟಕಿಯಲ್ಲಿ ಅದೇ ಬೆಕ್ಕು ಕೂತು ಇವರನ್ನೇ ನೋಡುತ್ತಿತ್ತು.

“ಈ ಬೆಕ್ಕು ನಾವು ನೋಡಿದ್ದಽ ಅಲ್ರೀ?”

“ಬೆಕ್ಕುಗೋಳು ಎಲ್ಲಾ ಕಡೆ ಒಂದಽ ನಮೂನಿ ಇರ್ತಾವ.”

“ಹೂಂ.”

ಕೊನೆಗೆ ದೇವರ ದಯದಿಂದ ಒಂದು ಕಟ್ಟೆ ಸಿಕ್ಕಿತು. ಕೆಳಗೆ ಕೆಂಪು ಹೆಂಚಿನ ಸಾಲು ಸಾಲು ಮನೆಗಳು, ಅವುಗಳಾಚೆ ಬಿಸಿಲಿಗೆ ಹೊಳೆಯುವ ಅಗಲವಾದ ನದಿ. “ಇದಽ ನೋಡು, ಇಲ್ಲಿಗೇ ಕರಕೊಂಡು ಬರೋದಿತ್ತು ನಿನಗ!” ಎಂದು ಏದುಸಿರು ಬಿಡುತ್ತ ರಾಯರು ಕೈ ಚಾಚಿದರು. ಮಂದಾಕಿನಿಬಾಯಿ ಬಹಳ ಹೊತ್ತು ಕಣ್ತುಂಬ ನೋಡಿದರು. ತುಟಿ ಅಲುಗಿತು. ರಾಯರ ಕಿವಿ ನೆಟ್ಟಗಾಯಿತು.

“ಹೊಳಿ ಭಾಳ ಛಲೋ ಅದ,” ಎಂದರು ಬಾಯಿ.

ಹೊಗಳಿಕೆಯೇನೋ ಬಂತು. ಹೊಳೆಗೆ ಹೋಯಿತು.

ಅಲ್ಲಿಯೇ ಪಕ್ಕದಲ್ಲಿ ಒಂದು ಹಳೆಯ ಪುಟ್ಟ ಚರ್ಚು. ಮಂದಾಕಿನಿಬಾಯಿ ದೇವರು ಕಂಡಲ್ಲಿ ಕೈಮುಗಿಯದೆ ಮುಂದೆ ಹೋಗುವವರಲ್ಲ. ಹಳೇ ಗೋವಾದ ದೊಡ್ಡ ಚರ್ಚಿಗೆ ಹೋದಾಗಲೂ ಚಪ್ಪಲಿ ಬಿಟ್ಟೇ ಒಳಗೆ ಹೋಗುವವರು. ಇಲ್ಲಿಯೂ ಮೆಟ್ಟಿಲ ಬಳಿ ಚಪ್ಪಲಿ ಕಳಚಿ, ಒಂದು ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ಅದನ್ನು ಕೈಚೀಲದೊಳಗೆ ಇಟ್ಟುಕೊಂಡರು. ಗುಡಿಗಳ ಮುಂದೆ ಚಪ್ಪಲಿ ಕಳೆದುಕೊಂಡು ಬರಿಗಾಲಲ್ಲಿ ಮನೆಗೆ ಬಂದು ಬಂದು ಕಲಿತ ವಿದ್ಯೆ ಅದು.

ರಾಯರಿಗೆ ನಗು ಬಂತು. “ಏ ಮಂದಾ, ಇದು ಯುರೋಪ! ಇಲ್ಲಿ ಯಾರು ಚಪ್ಪಲ ಕದೀತಾರ? ಅಲ್ಲಿ ನೋಡು, ಎಷ್ಟು ಶಿಸ್ತಿನ ಮಂದಿ. ಬೂಟಿಗಂತ ಬುಟ್ಟೀನಽ ಇಟ್ಟಾರ!”

ಹೌದು, ಬಾಗಿಲ ಪಕ್ಕದಲ್ಲಿ ಒಂದು ದೊಡ್ಡ ಬೆತ್ತದ ಬುಟ್ಟಿ ಇತ್ತು. ಅದರೊಳಗೆ ನಾಲ್ಕಾರು ಜೊತೆ ಬೂಟು. ಮೇಲೆ ಒಂದು ರಟ್ಟಿನ ತುಂಡಿನಲ್ಲಿ ಪೋರ್ತುಗೀಸಿನಲ್ಲಿ ಏನೋ ಬರೆದಿತ್ತು.

“ಏನು ಬರದಾರ್ರೀ ಅದರ ಮ್ಯಾಲ?”

“‘ಪಾದರಕ್ಷೆ ಇಲ್ಲಿ ಬಿಡ್ರಿ’ ಅಂತ.” ಗೋವಾದಲ್ಲಿ ಬದುಕು ಕಳೆದವರಿಗೆ ಪೋರ್ತುಗೀಸು ತಂತಾನೇ ಬರುತ್ತದೆ ಎಂಬುದು ರಾಯರ ಸಿದ್ಧಾಂತ. ಬ್ರೆಡ್ಡಿಗೆ ಪಾಂವ್, ಟೇಬಲ್ಲಿಗೆ ಮೇಜ್, ಕಿಟಕಿಗೆ ಜನೇಲ್ ಎಂಬ ಮೂರು ಶಬ್ದಗಳ ಮೇಲೆ ಆ ಸಿದ್ಧಾಂತ ನಿಂತಿತ್ತು.

ಪ್ರವಾಸಕ್ಕೆಂದೇ ಪಣಜಿಯಲ್ಲಿ ಕೊಂಡ ಹೊಸ ಕಂದು ಬೂಟುಗಳನ್ನು ಬಿಚ್ಚಿ, ಲೇಸುಗಳನ್ನು ಒಳಗೆ ಮಡಚಿ, ಬುಟ್ಟಿಯಲ್ಲಿ ಎಲ್ಲಕ್ಕಿಂತ ಮೇಲೆ ಚಂದಾಗಿ ಕೂರಿಸಿ, ರಾಯರು ಕಾಲುಚೀಲದಲ್ಲೇ ಒಳಗೆ ನಡೆದರು. ಒಳಗೆ ತಂಪು, ಮೇಣದ ವಾಸನೆ. ಮಂದಾಕಿನಿಬಾಯಿ ಕಣ್ಣುಮುಚ್ಚಿ ಕುಳಿತುಬಿಟ್ಟರು. ರಾಯರೂ ಕೈಮುಗಿದು, ‘ಇವಳ ಬಾಯಿಂದ ಒಂದು ಛಲೋ ಮಾತು ಹೊರಡಿಸಪ್ಪಾ’ ಎಂದು ಬೇಡಿಕೊಂಡರು. ಯಾವ ದೇವರಾದರೇನು, ಕೆಲಸ ಆದರೆ ಸರಿ.

ಹೊರಗೆ ಬಂದು ನೋಡಿದರೆ ಬುಟ್ಟಿ ಖಾಲಿ! ಬುಟ್ಟಿಯ ಹತ್ತಿರ ನಿಂತಿದ್ದ ಒಬ್ಬ ವಯಸ್ಸಾದ ಕ್ರೈಸ್ತ ಸನ್ಯಾಸಿನಿ ರಾಯರ ಕಾಲುಚೀಲವನ್ನು ನೋಡಿದಳು. ಮುಖವನ್ನು ನೋಡಿದಳು. ಓಡಿಬಂದು ಅವರ ಎರಡೂ ಕೈ ಹಿಡಿದುಕೊಂಡು ಹರಕು ಮುರುಕು ಇಂಗ್ಲಿಷಿನಲ್ಲಿ ಹೇಳಿದ್ದರ ಸಾರ ಇಷ್ಟು: ‘ಈ ಬುಟ್ಟಿ ಬಡವರದು. ಎಲ್ಲರೂ ಹಳೆಯ ಬೂಟು ಹಾಕಿ ಹೋಗುತ್ತಾರೆ. ಕಾಲಲ್ಲಿದ್ದ ಹೊಸ ಬೂಟನ್ನೇ ಬಿಚ್ಚಿ ಕೊಟ್ಟ ಪುಣ್ಯಾತ್ಮನನ್ನು ನಾನು ಕಂಡದ್ದು ಇದೇ ಮೊದಲು. ದೇವರು ನಿಮಗೆ ಒಳ್ಳೆಯದು ಮಾಡಲಿ!’

ಪುಣ್ಯಾತ್ಮ ಸುತ್ತ ತಿರುಗಿ ನೋಡಿದರು. ಚೌಕದ ಆ ತುದಿಯಲ್ಲಿ ಒಬ್ಬ ಮುದುಕ, ಹರಿದ ಕೋಟು, ಬಿಳಿ ಗಡ್ಡ, ರಾಯರ ಕಂದು ಬೂಟು ಮೆಟ್ಟಿಕೊಂಡು, ಹೆಜ್ಜೆಗೊಮ್ಮೆ ಬಗ್ಗಿ ಬೂಟನ್ನೇ ನೋಡಿಕೊಳ್ಳುತ್ತ ಹೊರಟಿದ್ದ.

“ಏ! ಹಿಡೀ ಅವನ್ನ! ನನ್ನ ಬೂಟು!” ರಾಯರು ಹಾರಲಿದ್ದರು. ಮಂದಾಕಿನಿಬಾಯಿ ಅಂಗಿ ಹಿಡಿದು ನಿಲ್ಲಿಸಿದರು.

“ದೇವರ ಬಾಗಿಲದಾಗ ಕೊಟ್ಟದ್ದನ್ನ ತಿರುಗಿ ಕೇಳ್ತಾರೇನ್ರೀ? ಅವನ ಮಾರಿ ನೋಡ್ರಿ, ಎಷ್ಟು ಆನಂದ ಆಗೇದ.”

“ನಾ ಎಲ್ಲಿ ಕೊಟ್ಟೇನಿ? ಇಟ್ಟೇನಿ! ಸಂಕಲ್ಪ ಇಲ್ಲದ ದಾನ ಆಗ್ತದೇನು?”

“ಹಂಗಾರ ಈಗ ಸಂಕಲ್ಪ ಮಾಡ್ರಿ. ನೀರಿನ ಬಾಟ್ಲಿ ನನ್ನ ಕಡೆ ಅದ.”

ಮಂದಾಕಿನಿಬಾಯಿ ತಮಾಷೆ ಮಾಡುತ್ತಿರಲಿಲ್ಲ. ಬಾಟಲಿಯ ಮುಚ್ಚಳ ಬಿಚ್ಚಿ ಹಿಡಿದರು. ಪಾಪ, ರಾಯರು ಏನು ಮಾಡಬೇಕು! ಲಿಸ್ಬನ್ನಿನ ಚರ್ಚಿನ ಅಂಗಳದಲ್ಲಿ, ಕಾಲುಚೀಲದಲ್ಲಿ ನಿಂತು, ಅಂಗೈಯಿಂದ ನೀರು ಬಿಟ್ಟು “ಕೃಷ್ಣಾರ್ಪಣಮಸ್ತು” ಎಂದರು. ಸನ್ಯಾಸಿನಿ ಅದನ್ನು ನೋಡಿ ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡಳು. ಎರಡೂ ಕಡೆಯಿಂದ ದಾನ ಪಕ್ಕಾ ಆಯಿತು!

ಲಿಸ್ಬನ್ನಿನ ಬೀದಿಗಳಿಗೆ ಹಾಸಿದ್ದು ಚಿಕ್ಕ ಚಿಕ್ಕ ಬಿಳಿ ಕಲ್ಲು. ಬೂಟು ಹಾಕಿಕೊಂಡು ನೋಡಿದರೆ ಬಹಳ ಚೆಂದ. ಕಾಲುಚೀಲದಲ್ಲಿ ನಡೆದರೆ ಒಂದೊಂದು ಕಲ್ಲೂ ತನ್ನ ಹೆಸರು ಹೇಳಿ ಪರಿಚಯ ಮಾಡಿಕೊಳ್ಳುತ್ತದೆ. ಗುಡ್ಡ ಇಳಿಯುವಷ್ಟರಲ್ಲಿ ಎಡಗಾಲಿನ ಚೀಲ ಹರಿದು ಹೆಬ್ಬೆರಳು ಹೊರಬಂತು.

“ಅಲ್ಲೆ ಯಾರನ್ನರ ಕೇಳೋಣಽನ್ರೀ, ಚಪ್ಪಲ ಅಂಗಡಿ ಎಲ್ಲದ ಅಂತ?”

“ಕೇಳೂದಿಲ್ಲ ಅಂದ್ರ ಕೇಳೂದಿಲ್ಲ!”

ಟ್ರಾಮು ಹತ್ತಿ, ಗಾಜಿನ ಬೆಟ್ಟದಂತಿದ್ದ ಒಂದು ದೊಡ್ಡ ಮಾಲ್ ಕಂಡಲ್ಲಿ ಇಳಿದರು. ಒಳಗೆ ನಟ್ಟನಡುವೆ ಒಂದು ಕಾರಂಜಿ, ಅದರ ಸುತ್ತ ಕಟ್ಟೆ. “ನಾ ಹೋಗಿ ತರ್ತೇನಿ, ನೀವು ಕೂಡ್ರಿ” ಎಂದರು ಬಾಯಿ. ರಾಯರು ಒಪ್ಪಿಯಾರೆ? ಬೂಟು ಹೋದ ಮೇಲೂ ಮುಖಂಡತ್ವ ಹೋಗಿರಲಿಲ್ಲ. “ಇಲ್ಲೇ ಕೂಡು. ಕಣ್ಣು ಪಿಳುಕಸೂದರಾಗ ಬಂದೆ” ಎಂದು, ಹೆಬ್ಬೆರಳನ್ನು ಮುಂದಿಟ್ಟುಕೊಂಡು ದಂಡಯಾತ್ರೆಗೆ ಹೊರಟರು.

ಮೇಲಕ್ಕೊಯ್ಯುವ ಮೆಟ್ಟಿಲು ಒಂದು. ಕೆಳಕ್ಕೆ ತರುವ ಮೆಟ್ಟಿಲು ಒಂದು. ಅಂಥವು ಎಷ್ಟೋ! ಎಲ್ಲವೂ ಒಂದೇ ತಾಯಿಯ ಮಕ್ಕಳಂತೆ. ರಾಯರು ಮೊದಲು ಹೊಕ್ಕದ್ದು ಅತ್ತರಿನ ಅಂಗಡಿಗೆ. ಒಬ್ಬ ಚೆಂದದ ಹುಡುಗಿ ನಕ್ಕು ಮುಂಗೈಗೆ ಅತ್ತರು ಸಿಂಪಡಿಸಿದಳು. ಹೊರಗೆ ಬಂದರು, ಎಡಕ್ಕೆ ಹೋದರು, ಮೇಲೆ ಹತ್ತಿದರು, ಕೆಳಗೆ ಇಳಿದರು, ಒಂದು ಬಾಗಿಲು ಹೊಕ್ಕರು. ಅದೇ ಅತ್ತರಿನ ಅಂಗಡಿ! ಹುಡುಗಿ ಇನ್ನೊಂದು ಬಗೆಯದನ್ನು ಕೊರಳಿಗೆ ಸಿಂಪಡಿಸಿದಳು. ಮತ್ತೊಮ್ಮೆ ಅದೇ ಬಾಗಿಲಿಗೆ ಬಂದಾಗ ಅವಳು ಹಳೆಯ ಗಿರಾಕಿಯನ್ನು ಕಂಡವಳಂತೆ ಕೈಬೀಸಿ ಇಡೀ ಮೈಗೆ ಅಭಿಷೇಕ ಮಾಡಿದಳು. ರಾಯರು ಮದುವೆ ಮನೆಯ ಪನ್ನೀರುದಾನಿಯಂತೆ ಘಮಘಮಿಸತೊಡಗಿದರು.

ಚಪ್ಪಲಿಯ ಅಂಗಡಿ ಮಾತ್ರ ಎಲ್ಲೂ ಇಲ್ಲ. ಬೂಟಿಗೆ ಗೋವಾದ ಕೊಂಕಣಿಯಲ್ಲಿ ‘ಸಪಾತ್’ ಎನ್ನುತ್ತಾರೆ, ಅದು ಪೋರ್ತುಗೀಸಿನಿಂದಲೇ ಬಂದದ್ದು ಎಂದು ರಾಯರಿಗೆ ಗೊತ್ತಿತ್ತು. ‘ಸಪಾತ್ ಎಲ್ಲಿ?’ ಎಂದು ಒಂದು ಮಾತು ಕೇಳಿದ್ದರೆ ಕಥೆ ಇಲ್ಲಿಗೆ ಮುಗಿಯುತ್ತಿತ್ತು. ಕೇಳುವುದು ಹೇಗೆ? ಪ್ರತಿಜ್ಞೆ!

ಈಗ ಚಪ್ಪಲಿ ಹೋಗಲಿ, ಕಾರಂಜಿಯೂ ಸಿಗಲೊಲ್ಲದು. ಆಗಲೇ ಛಾವಣಿಯಿಂದ ಧ್ವನಿವರ್ಧಕ ಟಿಂಗ್ ಎಂದಿತು. ಹೆಣ್ಣುದನಿಯೊಂದು ಪೋರ್ತುಗೀಸಿನಲ್ಲಿ ಉದ್ದಕ್ಕೆ ಏನೋ ಹೇಳಿತು. ಅದರಲ್ಲಿ ‘ಇಂಡಿಯಾ’ ಎಂಬುದೂ ‘ಸಪಾತ್’ ಎಂಬುದೂ ರಾಯರ ಕಿವಿಗೆ ಬಿತ್ತು.

“ಅಹಾ! ಇಂಡಿಯಾದ ಬೂಟಿಗೆ ರಿಯಾಯತಿ ಬಿಟ್ಟಾರ!” ಎಂದು ಅವರಿಗೆ ಜೀವ ಬಂದಂತಾಯಿತು. ರಿಯಾಯತಿಯ ಅಂಗಡಿ ಯಾವಾಗಲೂ ಮೇಲಿನ ಮಹಡಿಯಲ್ಲಿರುತ್ತದೆ ಎಂದು ತರ್ಕಿಸಿ ಮೇಲೆ ಹತ್ತಿದರು.

ಅಲ್ಲಿ ಒಂದು ವಿಚಿತ್ರ ನಡೆಯಿತು. ಎದುರಿಗೆ ಬಂದವರೆಲ್ಲ ರಾಯರ ಕಾಲು ನೋಡುತ್ತಾರೆ, ಮುಗುಳ್ನಗುತ್ತಾರೆ, ತಲೆಬಾಗುತ್ತಾರೆ! ‘ಎಂಥ ಸಂಸ್ಕಾರವಂತ ಜನ! ಹಿರಿಯರನ್ನ ಕಂಡ್ರ ಮೊದಲು ಪಾದಕ್ಕ ದೃಷ್ಟಿ’ ಎಂದು ರಾಯರು ಮನಸ್ಸಿನಲ್ಲೇ ಮೆಚ್ಚಿ, ತಾವೂ ಕೈಮುಗಿಯುತ್ತ ನಡೆದರು. ಒಬ್ಬ ಕೆಳಗಡೆ ಬೆರಳು ಮಾಡಿ ತೋರಿಸಿದ. “ಐ ನೋ, ಐ ನೋ!” ಎಂದು ರಾಯರು ಮೇಲಕ್ಕೆ ಹೋದರು. ಧ್ವನಿವರ್ಧಕ ಇನ್ನೊಮ್ಮೆ ಟಿಂಗ್ ಎಂದು ಅದನ್ನೇ ಹೇಳಿತು. ಕೋಲು ಹಿಡಿದ ಒಬ್ಬ ಅಜ್ಜಿ ಬಂದು ರಾಯರ ತೋಳು ಹಿಡಿದು ಕೆಳಗಿಳಿಯುವ ಮೆಟ್ಟಿಲಿನ ಕಡೆ ಎಳೆಯತೊಡಗಿದಳು. ‘ಅಯ್ಯ ಪಾಪ, ಮುದುಕಿಗೆ ಹತ್ತಲಿಕ್ಕೆ ಆಗವಲ್ದು’ ಎಂದು ರಾಯರು ಮರುಗಿ, ಅವಳನ್ನೇ ತಿರುಗಿಸಿ, ಜೋಪಾನವಾಗಿ ಇನ್ನೂ ಒಂದು ಮಹಡಿ ಮೇಲಕ್ಕೆ ತಲುಪಿಸಿದರು. ಅಜ್ಜಿ ಕೋಲು ಬೀಸಿ ಏನೇನೋ ಹೇಳಿದಳು. ಹರಸುತ್ತಿದ್ದಾಳೆ ಎಂದುಕೊಂಡರು.

ಆ ಮಹಡಿಯ ದೊಡ್ಡ ಗಾಜಿನಾಚೆ ಬಿಸಿಲು ವಾಲಿತ್ತು. ಎಲ್ಲೋ ಒಂದು ವಿಮಾನ ಬೆಳ್ಳಗೆ ಮೇಲೇರುತ್ತಿತ್ತು. ಅದನ್ನು ಕಂಡದ್ದೇ ತಡ, ರಾಯರ ಕೈ ಸೊಂಟದ ಚೀಲಕ್ಕೆ ಹೋಯಿತು. ಪಾಸ್‌ಪೋರ್ಟು ಎರಡೂ ತಮ್ಮ ಹೊಟ್ಟೆಯ ಮೇಲೆ. ಫೋನು ಎರಡೂ ಸೂಟ್‌ಕೇಸಿನಲ್ಲಿ. ಮಂದಾಳ ಕೈಯಲ್ಲಿ ಏನಿದೆ? ಅರ್ಧ ಬಾಟಲಿ ನೀರು. ಭಾಷೆ ಬಾರದ ಊರಿನಲ್ಲಿ ಅವಳೊಬ್ಬಳನ್ನೇ ಕಟ್ಟೆಯ ಮೇಲೆ ಕೂರಿಸಿ ಬಂದಿದ್ದೇನೆ. ಒಂದು ಹೊಗಳಿಕೆಯ ಮಾತಿಗಾಗಿ! ಮೈಯ ಅತ್ತರೆಲ್ಲ ಬೆವರಿನಲ್ಲಿ ಕರಗಿ ಇಳಿಯತೊಡಗಿತು. ‘ತಾಯಿ ಶಾಂತಾದುರ್ಗಿ, ಹೊಗಳಿಕಿ ಬ್ಯಾಡ, ಏನೂ ಬ್ಯಾಡ. ಅಕೀ ಮಾರಿ ಒಂದು ಕಾಣಲಿ’ ಎಂದು ಕಂಬಕ್ಕೊರಗಿ ಕಣ್ಣುಮುಚ್ಚಿದರು.

ಟಿಂಗ್!

ಈ ಸಲ ಪೋರ್ತುಗೀಸು ಬರಲಿಲ್ಲ. ಮೊದಲು ಒಂದು ಕೆಮ್ಮು ಬಂತು. ಆಮೇಲೆ, “ಇದರಾಗ ಮಾತಾಡಬೇಕೇನವಾ? ಕೇಳಸ್ತದಽ? ... ಹೂಂ.”

ಆ ‘ಹೂಂ’! ಇಡೀ ಮಾಲಿನ ಛಾವಣಿಯಿಂದ ಧಾರವಾಡದ ‘ಹೂಂ’ ಇಳಿದು ಬಂತು! ರಾಯರು ಕಂಬ ಬಿಟ್ಟು ನೆಟ್ಟಗೆ ನಿಂತರು.

“ರೀ... ಎಲ್ಲಿದ್ದೀರಿ? ನಿಮ್ಮನ್ನ ಕರದು ಕರದು ಈ ಹುಡುಗಿಗೆ ಸಾಕಾತು. ಹೆಸರು ಹೇಳಽಬೇಕಂತ. ಆತು, ಹೇಳ್ತೇನಿ. ಕಿವಿಗೊಟ್ಟು ಕೇಳ್ರಿ.”

ಗಂಡನ ಹೆಸರು ಬಾಯಿಂದ ಆಡಿದರೆ ಅವನ ಆಯುಷ್ಯ ಸವೆಯುತ್ತದೆ ಎಂದು ಅಜ್ಜಿ ಹೇಳಿಕೊಟ್ಟದ್ದನ್ನು ಮಂದಾಕಿನಿಬಾಯಿ ಒಂದು ದಿನವೂ ಮುರಿದಿರಲಿಲ್ಲ. ಬ್ಯಾಂಕಿನಲ್ಲಿ, ರೇಶನ್ ಅಂಗಡಿಯಲ್ಲಿ, ದವಾಖಾನೆಯಲ್ಲಿ ಕೇಳಿದರೆ ಪಕ್ಕದವರ ಕಡೆ ನೋಡುವರು, ಇಲ್ಲವೇ ಕಾರ್ಡು ಮುಂದೆ ಹಿಡಿಯುವರು. ಹೆಸರು ಹೇಳಲು ನಮ್ಮ ಹೆಣ್ಣುಮಕ್ಕಳಿಗೆ ದೇವರು ಇಟ್ಟ ದಾರಿ ಒಂದೇ, ಒಡಪು. ಹಾಡಿನ ಸಾಲುಗಳ ನಡುವೆ ಹೆಸರನ್ನು ಹೂವಿನಂತೆ ಮುಡಿಸಿ ಹೇಳಿದರೆ ದೋಷವಿಲ್ಲ. ಮಂದಾಕಿನಿಬಾಯಿ ಆ ದಾರಿ ತುಳಿದದ್ದು ಮದುವೆಯ ಭೂಮದೂಟದಲ್ಲಿ. ಅದಾದ ಮೇಲೆ, ಇಕೋ ಇವತ್ತು:

“ಏಳು ಗುಡ್ಡದ ಊರಾಗ ಮುಂದ ಹೆಜ್ಜಿ ಹಾಕಿದ ಜಾಣ,
ಕಾರಂಜಿ ಕಟ್ಟಿ ಮ್ಯಾಲ ಕೂತು ಕಾಯ್ತದ ನನ್ನ ಪ್ರಾಣ,
ವಿಮಾನ ಹಾರೂ ಹೊತ್ತಾತು, ಒಣಗೇದ ನನ್ನ ಬಾಯಿ,
ರಘೋತ್ತಮರಾಯರ ಹೆಸರು ಹೇಳ್ತೇನಿ, ಸಾಕ್ಷಿ ಶಾಂತಾದುರ್ಗಿ ತಾಯಿ!”

ಅರ್ಥವಾಗದಿದ್ದರೂ ಅದು ಪದ್ಯ ಎಂದು ಎಲ್ಲರಿಗೂ ತಿಳಿಯಿತು. ಯಾರೋ ಚಪ್ಪಾಳೆ ತಟ್ಟಿದರು. ಅದು ಮಹಡಿಯಿಂದ ಮಹಡಿಗೆ ಹಬ್ಬಿತು. ರಾಯರು ಎರಡೂ ಕಣ್ಣು ಒರೆಸಿಕೊಂಡು, ಹತ್ತಿರದಲ್ಲೇ ಇದ್ದ ಆ ಕೋಲಿನ ಅಜ್ಜಿಯ ಮುಂದೆ ಕೈಜೋಡಿಸಿ ನಿಂತರು. “ಅಮ್ಮಾ, ಪ್ಲೀಸ್, ಈ ದನಿ ಎಲ್ಲಿಂದ ಬಂತು? ದಾರಿ ತೋರಸ್ರಿ!” ಕನ್ನಡದಲ್ಲೇ ಕೇಳಿದರು. ಅಜ್ಜಿಗೆ ಪೂರ್ತಿ ತಿಳಿಯಿತು. ಈ ಸಲ ಅವಳು ತೋಳು ಹಿಡಿಯಲಿಲ್ಲ, ಕಿವಿಯನ್ನೇ ಹಿಡಿಯುವವಳಂತೆ ಕಾಲರು ಹಿಡಿದು ಕೆಳಗಿಳಿಸಿದಳು.

ಕಾರಂಜಿಯ ಪಕ್ಕದಲ್ಲೇ ವಿಚಾರಣೆಯ ಮೇಜು. ಮಂದಾಕಿನಿಬಾಯಿ ಅಲ್ಲಿ ನಿಂತಿದ್ದರು. ಗಂಡನನ್ನು ಮೇಲಿಂದ ಕೆಳಗೆ ಒಮ್ಮೆ ನೋಡಿದರು.

“ಬೂಟು ಸಿಕ್ವೇನ್ರೀ?”

“ಇಲ್ಲ.”

“ಏನಿದು ಇಷ್ಟು ವಾಸನಿ?”

“ಆಮ್ಯಾಲ ಹೇಳ್ತೇನಿ.”

“ಹೂಂ.”

ಮೇಜಿನ ಹುಡುಗಿಯ ಅಪ್ಪ ಅಮ್ಮ ಗೋವಾದ ಮಡಗಾವದ ಕಡೆಯವರು. ಕೊಂಕಣಿ ಬರುತ್ತಿತ್ತು. ನಡೆದದ್ದನ್ನು ಅವಳೇ ನಗುನಗುತ್ತ ಹೇಳಿದಳು. ಬಾಯಿ ಹೆಸರು ಹೇಳಲೊಲ್ಲರು ಎಂದು ಅವಳು ಗುರುತು ಕೇಳಿಕೊಂಡು, ‘ಇಂಡಿಯಾದ ಹಿರಿಯರೊಬ್ಬರು ಬೂಟಿಲ್ಲದೆ, ಎಡಗಾಲಿನ ಹೆಬ್ಬೆರಳು ಹೊರಗೆ ಕಾಣುವ ಕಾಲುಚೀಲದಲ್ಲಿ ದಾರಿ ತಪ್ಪಿದ್ದಾರೆ, ಕಂಡವರು ದಯವಿಟ್ಟು ಕರೆತನ್ನಿ’ ಎಂದು ಸಾರುತ್ತಲೇ ಇದ್ದಳಂತೆ. ರಾಯರು ತಮ್ಮ ಪಾದಕ್ಕೆ ಸಂದ ಗೌರವದ ಕಾರಣ ತಿಳಿದು ಹೆಬ್ಬೆರಳನ್ನು ಇನ್ನೊಂದು ಕಾಲಿನ ಹಿಂದೆ ಬಚ್ಚಿಟ್ಟರು.

ವಿಮಾನ ಸಿಕ್ಕಿತು. ಹೇಗೆ ಸಿಕ್ಕಿತೆಂದು ಕೇಳಬೇಡಿ. ಎರ್ಮೆಲಿಂದಾ ಸೂಟ್‌ಕೇಸುಗಳನ್ನು ಟ್ಯಾಕ್ಸಿಗೆ ಎಸೆದಳು, ರಾಯರ ಕಾಲಿಗೆ ತನ್ನ ಬಚ್ಚಲುಮನೆಯ ಗುಲಾಬಿ ಚಪ್ಪಲಿಯನ್ನು ಎಸೆದಳು, ಓಡಿದರು, ಹತ್ತಿದರು. ರಾಯರಿಗೆ ಗುಲಾಬಿ ಚಪ್ಪಲಿಯ ಪರಿವೆಯೇ ಇರಲಿಲ್ಲ. ಕಿವಿಯಲ್ಲಿ ಒಂದೇ ಶಬ್ದ ಗುಂಯ್‌ಗುಡುತ್ತಿತ್ತು. ಜಾಣ! ಇಡೀ ಲಿಸ್ಬನ್ ಕೇಳುವ ಹಾಗೆ, ಧ್ವನಿವರ್ಧಕದಲ್ಲಿ, ಜಾಣ!

ಗೋವಾದ ದಾಬೋಳಿ ವಿಮಾನ ನಿಲ್ದಾಣದಲ್ಲಿ ಇಳಿದ ಕ್ಷಣದಿಂದ ಸುದ್ದಿ ಹೊರಬಿತ್ತು. ಟ್ಯಾಕ್ಸಿಯವನಿಗೆ ಹೇಳಿದರು. ಹಾಲಿನವನಿಗೆ ಹೇಳಿದರು. ಬೂಟು, ಬುಟ್ಟಿ, ಹೆಬ್ಬೆರಳು, ಇವನ್ನೆಲ್ಲ ಸ್ಥಳಾಭಾವದಿಂದ ಕೈಬಿಟ್ಟು ಒಡಪಿನಿಂದಲೇ ಶುರು ಮಾಡುತ್ತಿದ್ದರು. ಮರುದಿನ ಸಂಜೆ ಪಕ್ಕದ ಫ್ಲಾಟಿನ ಧನಶ್ರೀ, ಬೆಳಗಾವಿಯ ಹುಡುಗಿ, ಬ್ಯಾಂಕಿನಲ್ಲಿ ಕೆಲಸ, ಪ್ರವಾಸದ ಕಥೆ ಕೇಳಲು ಬಂದಳು. ಮನೆಗೆಲಸಕ್ಕೆ ಹತ್ತಿರದ ಸಡಾದಿಂದ ಬರುವ ಸಾವಂತ್ರೆವ್ವ ಪಾತ್ರೆ ತೊಳೆಯುವುದನ್ನು ಬಿಟ್ಟು ಬಾಗಿಲಿಗೆ ಬಂದು ನಿಂತಳು. ರಾಯರು ಕುರ್ಚಿಯ ಮೇಲೆ ನೆಟ್ಟಗೆ ಕುಳಿತು, ಒಡಪನ್ನು ರಾಗ ಹಾಕಿ ಪೂರ್ತಿ ಒಪ್ಪಿಸಿದರು. ‘ಜಾಣ’ ಎಂಬಲ್ಲಿ ಎರಡು ಸಲ ನಿಂತರು.

“ಅಯ್ಯ, ಎಷ್ಟು ಛಂದ ಅದ ಕಾಕು!” ಎಂದಳು ಧನಶ್ರೀ, ಮಂದಾಕಿನಿಬಾಯಿಯ ಕಡೆ ತಿರುಗಿ. “ಅಲ್ಲೇ ನಿಂತ ನಿಂತಲ್ಲೇ ಹೆಂಗ ಹೊಳೀತು ನಿಮಗ?”

ಮಂದಾಕಿನಿಬಾಯಿ ಚಹದ ಕಪ್ಪುಗಳನ್ನು ಇಡುತ್ತ ಸಹಜವಾಗಿ ಹೇಳಿದರು, “ಎಲ್ಲೀದು ಹೊಳಿಯೂದವಾ! ಜೀವ ಹಾರಿಹೋಗಿತ್ತು. ಮೊದಲ ಬಾಯಿಗೆ ಬಂದದ್ದಽ ‘ಪ್ರಾಣ’ ಅಂತ. ಅದಕ್ಕ ಕೂಡೂ ಮಾತು ಎರಡಽ ನೆನಪಾದ್ವು. ಒಂದು ಜಾಣ, ಇನ್ನೊಂದು ಕೋಣ. ಇವರು ಮಾಡಿದ ಕೆಲಸಕ್ಕ ಖರೇ ಅಂದ್ರ ಎರಡನೇದಽ ಸರಿ ಹೊಂದತಿತ್ತು.”

ಧನಶ್ರೀಯ ಬಾಯಲ್ಲಿದ್ದ ಚಹ ಮೂಗಿಗೆ ಹತ್ತಿತು. ರಾಯರು ಎತ್ತಿದ ಕಪ್ಪನ್ನು ಎತ್ತಿದಂತೆಯೇ ಹಿಡಿದು ಕುಳಿತರು. ಇಷ್ಟು ದೂರ ಸಮುದ್ರ ದಾಟಿಸಿ ತಂದ ಬಿರುದು ಬೈನಾದ ಪಡಸಾಲೆಯಲ್ಲಿ ಪುಸ್ಸೆಂದಿತ್ತು!

ಸಾವಂತ್ರೆವ್ವನಿಗೆ ಮಾತ್ರ ಲೆಕ್ಕ ಹತ್ತಲಿಲ್ಲ. ಸೆರಗಿನಿಂದ ಕೈ ಒರೆಸಿಕೊಳ್ಳುತ್ತ, “ಅಲ್ರೀ ಬಾಯಾರ, ಹಂಗಾರ ಕೋಣ ಅಂತನ ಅಂದ್‌ಬಿಡಬೇಕಿಲ್ರಿ? ಆ ದೇಶದಾಗ ಯಾರಿಗೆ ತಿಳಿಯಾಕತ್ತಿತ್ತು ನಮ್ಮ ಕನ್ನಡ?” ಎಂದಳು.

ಮಂದಾಕಿನಿಬಾಯಿ ಗಂಡನ ಕಪ್ಪಿಗೆ ಇನ್ನೊಂದು ಚಮಚ ಸಕ್ಕರೆ ಹಾಕಿ ಕಲಕಿದರು.

“ಇವರಿಗೆ ತಿಳೀತಿತ್ತಲ್ಲ!”